ಬಲ್ಬಿನ ಒಳಗಿನ ತಂತಿ ಕಾಣುವ ಹಾಗೆ ಫೋಟೋ ತೆಗೆಯುವುದು ಹೇಗೆ?

ಹಳೇ ಬಲ್ಬಿನ ಫೋಟೋ ತೆಗೆದರೆ ಬರೀ ಬಿಳಿ ಉಂಡೆ ಬರುತ್ತದೆ, ಒಳಗಿನ ತಂತಿ ಕಾಣುವುದಿಲ್ಲ ಅಂತ ಕೇಳಿದ್ದೀರಿ. ಬಲ್ಬ್ ಇಟ್ಟುಕೊಂಡು ಯಾರಾದರೂ ಕಲೆ ಮಾಡಿದ್ದಾರಾ ಅಂತಲೂ ಕೇಳಿದ್ದೀರಿ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಹೊಟ್ಟೆಪಾಡಿಗೆ ಮದುವೆ ಫೋಟೋ, ಹುಚ್ಚಿಗೆ ಬಲ್ಬ್. ಮೊದಲ ಒಂದು ವರ್ಷ ನಾನೂ ಬಿಳಿ ಉಂಡೆಗಳನ್ನೇ ತೆಗೆದೆ. ಪೂರ್ತಿ ಕರೆಂಟ್ ಕೊಟ್ಟರೆ ಒಳಗಿನ ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಕಣ್ಣಿಗೇ ನೋಡಲಾಗುವುದಿಲ್ಲ, ಇನ್ನು ಕ್ಯಾಮೆರಾ ಏನು ಮಾಡೀತು? ಬಲ್ಬನ್ನು ಅರೆಹೊಟ್ಟೆಯಲ್ಲಿಡಿ, ಆಗ ಮುಖ ತೋರಿಸುತ್ತದೆ.

ಇದು ನನಗೆ ಹೊಳೆದದ್ದು ಚಿಕ್ಕಂದಿನ ನೆನಪಿನಿಂದ. ಸಂಜೆ ಜಗಲಿಯಲ್ಲಿ ಎಲ್ಲರೂ ಅಡಿಕೆ ಸುಲಿಯಲು ಕೂರುವ ಹೊತ್ತಿಗೇ ವೋಲ್ಟೇಜ್ ಬೀಳುತ್ತಿತ್ತು. ಬಲ್ಬ್ ಹಣ್ಣಡಿಕೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಜ್ಜಿ ಬೈಯುತ್ತಿದ್ದರು. ನಾನು ಮಾತ್ರ ಸುಮ್ನೆ ಮೇಲೆ ನೋಡುತ್ತಾ ಕೂರುತ್ತಿದ್ದೆ. ಒಳಗಿನ ತಂತಿ, ಅದನ್ನು ಹಿಡಿದ ಸಣ್ಣ ಕೊಕ್ಕೆಗಳು, ಎಲ್ಲ ಎಣಿಸಬಹುದಿತ್ತು.

ಈಗ ವೋಲ್ಟೇಜ್ ಬೀಳಲಿ ಅಂತ ಕಾಯಬೇಕಿಲ್ಲ. ಒಂದೇ ವ್ಯಾಟಿನ ಎರಡು ಬಲ್ಬುಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಮೂಲಕವೇ ಇನ್ನೊಂದಕ್ಕೆ ಕರೆಂಟ್ ಹೋಗುವ ಹಾಗೆ, ಹಾಕಿಸಿ. 230 ವೋಲ್ಟ್ ಪಾಲಾಗಿ ಒಂದೊಂದಕ್ಕೆ 115 ಸಿಗುತ್ತದೆ. ಇಲೆಕ್ಟ್ರಿಷಿಯನ್‌ಗೆ ಹೇಳಿದರೆ ಹತ್ತು ನಿಮಿಷದ ಕೆಲಸ. ನೀವೇ ಕೈ ಹಾಕಬೇಡಿ. ಆಮೇಲೆ ಐಎಸ್‌ಒ 100, ಎಫ್ 8, ಶಟರ್ 1/250ರಿಂದ ಶುರು ಮಾಡಿ, ಹಿಂದಿನ ಗೋಡೆ ಕಪ್ಪಾಗುವವರೆಗೆ ಶಟರ್ ವೇಗ ಏರಿಸುತ್ತಾ ಹೋಗಿ. ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ಬೆಳಕಿನ ಬಣ್ಣ ಸರಿಮಾಡಿಕೊಳ್ಳುವ ಸೆಟ್ಟಿಂಗ್) ಆಟೋದಲ್ಲಿ ಇಟ್ಟರೆ ಆ ಹಣ್ಣಡಿಕೆ ಬಣ್ಣವೇ ಹೋಗುತ್ತದೆ, 3,000 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲಿಸಿ. ಮೊಬೈಲ್ ಆದರೆ ಬಲ್ಬಿನ ಮೇಲೆ ಒತ್ತಿ, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಅಗ್ಗದ ಎಲ್‌ಇಡಿಯಲ್ಲಿ ಪಟ್ಟಿಪಟ್ಟಿ ಬಂದರೆ ಶಟರ್ 1/50 ಅಥವಾ 1/100 ಮಾಡಿ. ನಮ್ಮ ಕರೆಂಟಿಗೆ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ.

ಆದರೆ ಬಲ್ಬನ್ನೇ ನೋಡುತ್ತಾ ಕೂರಬೇಡಿ. ನಾನು ತೆಗೆದದ್ದರಲ್ಲಿ ನನಗೇ ಇಷ್ಟವಾದ ಫೋಟೋದಲ್ಲಿ ಬಲ್ಬೇ ಇಲ್ಲ. ಬಯಲಾಟದ ಚೌಕಿ, ಅಂದರೆ ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಜಾಗ. ವಯರಿನಲ್ಲಿ ನೇತುಬಿಟ್ಟ ಒಂದು ಬಲ್ಬಿನ ಕೆಳಗೆ ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಎಡಗೈಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಮುಳ್ಳುಮುಳ್ಳಾದ ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದು. ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳು ಎಬ್ಬಿಸುತ್ತಿದ್ದರೆ ಪ್ರತಿ ಮುಳ್ಳಿಗೂ ತನ್ನದೇ ಒಂದು ನೆರಳು. ಮೇಲಿನ ಬಲ್ಬ್ ಗಾಳಿಗೆ ಆಡಿದರೆ ಮುಖವಿಡೀ ನೆರಳುಗಳು ಆಡುತ್ತಿದ್ದವು. ಟ್ಯೂಬ್‌ಲೈಟಿನಲ್ಲಿ ಇದು ಸಿಗುವುದಿಲ್ಲ. ಬೆಳಕು ಸಣ್ಣ ಜಾಗದಿಂದ ಬಂದರೆ ಮಾತ್ರ ನೆರಳಿಗೆ ಅಂಚು.

ಇನ್ನು ಕಲೆಯ ಪ್ರಶ್ನೆ. ಪಿಕಾಸೊ 1937ರ 'ಗೆರ್ನಿಕಾ'ದಲ್ಲಿ ಮೇಲ್ಗಡೆ ಕಣ್ಣಿನ ಆಕಾರದೊಳಗೆ ಬಲ್ಬ್ ಬರೆದಿದ್ದಾನೆ. ಬಾಂಬ್ ಬಿದ್ದ ಊರಿನ ಚಿತ್ರ ಅದು. ನನಗೆ ಅದಕ್ಕಿಂತ ಜಾಸ್ತಿ ಹತ್ತಿರದ್ದು ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಅನ್ನುವ ಕಲಾವಿದ 1991ರಲ್ಲಿ ಮಾಡಿದ್ದು. ಎರಡು ಸಾದಾ ಬಲ್ಬ್, ಒಂದಕ್ಕೊಂದು ಸುತ್ತಿಕೊಂಡ ವಯರು, ಅಷ್ಟೇ. ಅವನ ಸಂಗಾತಿ ತೀರಿಕೊಂಡ ವರ್ಷ. ಎರಡರಲ್ಲಿ ಯಾವುದೋ ಒಂದು ಮೊದಲು ಆರುತ್ತದೆ, ಅಲ್ವಾ. ನಮ್ಮ ಸೀರೀಸ್ ಬಲ್ಬಿನಲ್ಲಾದರೆ ಒಂದು ಹೋದರೆ ಇನ್ನೊಂದೂ ಆಗಲೇ ಆರುತ್ತದೆ.

ಬಲ್ಬ್ ಸಿಗುವುದೇ ಈಗ ಕಷ್ಟ. ಮೊನ್ನೆ ಪೇಟೆಯಲ್ಲಿ ಕೇಳಿದರೆ ಅಂಗಡಿಯವರು "ಎಂತಕ್ಕೆ ಮಾರಾಯ್ರೆ, ಕೋಳಿಮರಿಗಾ?" ಅಂದರು. ಹಿಂದಿನ ಅಟ್ಟದಿಂದ ಮೂರು ತಂದು, ಧೂಳು ಒರೆಸಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಂದು ಕಿಣಿಕಿಣಿ ಅಂತು. ತಂತಿ ತುಂಡಾಗಿತ್ತು. "ಇದು ಸುಮ್ನೆ ಕೊಂಡೋಗಿ" ಅಂದರು.

ಅದರ ಮೂತಿ ಬಿಚ್ಚಿ (ದಪ್ಪ ಬಟ್ಟೆಯಲ್ಲಿ ಹಿಡಿದು, ಸಿಎಫ್‌ಎಲ್ ಆದರೆ ಮುಟ್ಟಲೇಬೇಡಿ, ಒಳಗೆ ಪಾದರಸ ಉಂಟು) ನೀರು ತುಂಬಿಸಿ ಜಗಲಿಯಲ್ಲಿ ನೇತು ಹಾಕಿದ್ದೇನೆ. ಅದರೊಳಗೆ ನಮ್ಮ ಅಡಿಕೆ ತೋಟ ಇಡೀ ತಲೆಕೆಳಗಾಗಿ ನಿಂತಿದೆ. ನಾಳೆ ಬೆಳಿಗ್ಗೆ ಅದನ್ನು ತೆಗೆಯಬೇಕು.