ಓದುಗರ ಪ್ರಶ್ನೆ: ನಾಕು ವರ್ಷದ ಹುಡುಗಗ ಯಾವ ಕಾರ್ಟೂನ್ ಹಚ್ಚಬೇಕ್ರಿ?

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಮ್ಮ ಹುಡುಗಗ ಈಗ ನಾಕು ವರ್ಷ. ಅಂಗನವಾಡಿಯಿಂದ ಬಂದಕೂಡ್ಲೆ ರಿಮೋಟ್ ಹಿಡೀತಾನ, ಹೊಡೆದಾಟದ ಕಾರ್ಟೂನ್ ನೋಡಿ ಓಣಿ ಹುಡುಗ್ರಿಗೆ ಗುದ್ದತಾನ, ಹಿಂದಿ ಬ್ಯಾರೆ ಮಾತಾಡಾಕ ಹತ್ಯಾನ. ನಮ್ಮವ್ವ ‘ಇರ್ಲಿ ಬಿಡೋ, ಟೀವಿ ಮುಂದ ಕುಂತ್ರ ಎರಡು ತುತ್ತು ಉಣ್ತಾನ’ ಅಂತಾಳ. ನನ್ನ ಹೆಂಡ್ತಿ ಅದೆಲ್ಲಾ ತಗದು ಎಬಿಸಿಡಿ ರೈಮ್ಸ್ ಅಷ್ಟ ಹಚ್ಚೋಣು ಅಂತಾಳ. ಯಾರ ಮಾತು ಕೇಳ್ಲಿ?
– ಒಬ್ಬ ತಂದೆ, ಗಂಗಾವತಿ

ಉತ್ತರ: ತಮ್ಮಾ, ನಿಮ್ಮ ಹೆಂಡ್ತಿ ಮಾತು ನಾ ಪೂರ್ತಿ ಒಪ್ಪಂಗಿಲ್ರಿ. ಎಬಿಸಿಡಿ ಐತಿ ಅಂದಕೂಡ್ಲೆ ಅದು ಛಲೋ ಪ್ರೋಗ್ರಾಂ ಆಗಂಗಿಲ್ಲ. ಮೊಬೈಲ್‌ನ್ಯಾಗಿನ ಎಷ್ಟೋ ರೈಮ್ಸ್ ಒಮ್ಮೆ ನೀವ ಕುಂತು ನೋಡ್ರಿ, ರೆಪ್ಪಿ ಬಡಿಯೋದ್ರಾಗ ಚಿತ್ರ ಬದಲಾಗ್ತಾವ, ಢಣಢಣ ಮ್ಯೂಸಿಕ್ಕು, ಒಂದು ಮುಗಿಯೋದ್ರಾಗ ತಾನ ಇನ್ನೊಂದು ಶುರು ಆಗ್ತೈತಿ, ಕೂಸಿಗೆ ಯೋಚನೆ ಮಾಡಾಕ ಪುರಸೊತ್ತ ಇಲ್ಲ. ಎರಡು ಮಕ್ಕಳ ತಾಯಿ ನಾನು, ಮೊದ್ಲು ನೋಡೋದು ಕಥಿ ಎಷ್ಟು ಸಾವಕಾಶ ನಡೀತೈತಿ ಅಂತ, ಎಬಿಸಿಡಿ ಏನಿದ್ರೂ ಆಮ್ಯಾಲೆ.

ಇದು ನನ್ನೊಬ್ಬಾಕಿ ತಕರಾರಲ್ಲ. 2011ರಾಗ ಅಮೆರಿಕಾದ ವರ್ಜೀನಿಯಾ ಯೂನಿವರ್ಸಿಟಿಯವರು ನಾಕು ವರ್ಷದ 60 ಮಕ್ಕಳನ್ನ ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಸಮುದ್ರದ ತಳದಾಗಿರೋ ಸ್ಪಾಂಜಿನ ಕಾರ್ಟೂನು, ಅದ್ರಾಗ ಸರಾಸರಿ 11 ಸೆಕೆಂಡಿಗೊಮ್ಮೆ ಸೀನ್ ಬದಲಾಗ್ತೈತಿ, ಇನ್ನೊಂದಕ್ಕ 34 ಸೆಕೆಂಡಿಗೊಮ್ಮೆ ಬದಲಾಗೋ ಸಾವಕಾಶದ್ದು, ಮೂರನೇದಕ್ಕ ಬರೀ ಕಾಗದ, ಬಣ್ಣ ಕೊಟ್ರು. ಎಲ್ಲಾರಿಗೂ 9 ನಿಮಿಷ ಅಷ್ಟ. ಮುಗಿದಕೂಡ್ಲೆ ಪರೀಕ್ಷೆ ಮಾಡಿದ್ರ, ತಿನ್ನಾಕ ಮುಂದಿಟ್ಟು ಸ್ವಲ್ಪ ತಡಿ ಅಂದ್ರ ತಡಿಯೋದು, ಹೇಳಿದ್ದು ತಲ್ಯಾಗ ಇಟ್ಕೊಂಡು ಮಾಡೋದು, ಇಂಥದ್ರಾಗ ಮೊದಲನೇ ಗುಂಪಿನವ್ರು ಹಿಂದ ಬಿದ್ರು. ಆದ್ರ ಅದು ನೋಡಿ ಎದ್ದ ಆ ಗಳಿಗಿ ಲೆಕ್ಕ, ಮುಂದ ವರ್ಷಗಟ್ಟಲೆ ಏನಾಗ್ತೈತಿ ಅಂತ ಅವರು ನೋಡಿಲ್ಲ, ಹಂಗಾಗಿ ಇವತ್ತ ಹೋಗಿ ಕೇಬಲ್ ಕಿತ್ತಬ್ಯಾಡ್ರಿ. ಊಟಕ್ಕ ಕುಂದ್ರಸೋ ಮುಂದ, ಮಲಗಿಸೋ ಮುಂದ ಅಂಥದ್ದು ಹಚ್ಚಬ್ಯಾಡ್ರಿ ಅಷ್ಟ.

ಗುದ್ದೋ ವಿಚಾರಕ್ಕ ಬಂದ್ರ, ಕಾರ್ಟೂನಿನ್ಯಾಗ ಹೊಡ್ತ ತಿಂದವ ಮೈ ಝಾಡಿಸ್ಕೊಂಡು ಎದ್ದು ಓಡ್ತಾನ, ಅಳಂಗೂ ಇಲ್ಲ, ರಕ್ತಾನೂ ಬರಂಗಿಲ್ಲ. ನಿಜವಾಗಿ ಹೊಡದ್ರ ನೋವಾಗ್ತೈತಿ ಅಂತ ಬಾಜೂಕ ಕುಂತವರು ಹೇಳಬೇಕು. ಇನ್ನೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ, ಸಂಜೀಕೆ ನಿಮ್ಮವ್ವ ಸೀರಿಯಲ್ ನೋಡೋ ಹೊತ್ತಿಗೆ ಹುಡುಗ ಎಲ್ಲಿರ್ತಾನ? ಅಜ್ಜಿ ತೊಡಿಮ್ಯಾಲೆ ತಾನ? ಹಾಲಿಗೆ ವಿಷ ಹಾಕೋದು, ಕೆನ್ನಿಗೆ ಹೊಡಿಯೋದು, ಅದನ್ನ ಮೂರು ಸಲ ತಿರುಗಿಸಿ ತೋರ್ಸೋದು, ಅವನ್ನೆಲ್ಲಾ ಅವ ನೋಡಾಕತ್ಯಾನ. ನಾವು ಕಾರ್ಟೂನಿಗೆ ಬೈತೀವಿ, ಸೀರಿಯಲ್‌ಗೆ ಯಾರೂ ಮಾತಾಡಂಗಿಲ್ಲ.

ಹಿಂದಿಗೆ ನಾ ಗಾಬರಿ ಆಗಂಗಿಲ್ಲ, ನಮ್ಮ ಕಡೆ ಮಕ್ಕಳು ಓಣ್ಯಾಗ ತೆಲುಗು, ಉರ್ದು ಕೇಳ್ಕೊಂತನ ಬೆಳೀತಾವ. ಬಾಂಗ್ಲಾದೇಶದವ್ರು ಮಕ್ಕಳು ಹಿಂದಿ ಕಲೀತಾರ ಅಂತ 2013ರಾಗ ಹಿಂದಿ ಡೋರೇಮಾನ್ ಬಂದ್ ಮಾಡಿಸಿದ್ರು, ಅಷ್ಟು ದೂರ ನಾವ್ಯಾಕ ಹೋಗೋಣು. ಕನ್ನಡಕ್ಕ 2009ರಿಂದ ಚಿಂಟು ಟೀವಿ ಐತಿ, ಬ್ಯಾರೆ ಕೆಲವು ಚಾನೆಲ್‌ಗೆ ರಿಮೋಟಿನ್ಯಾಗ ಭಾಷೆ ಬದಲಿಸಾಕ ಬರ್ತೈತಿ, ಒತ್ತಿ ನೋಡ್ರಿ. ನನಗ ಹಿಡಿಸಿದ್ದು ಹೈದರಾಬಾದಿನ ಗ್ರೀನ್ ಗೋಲ್ಡ್‌ನವ್ರು ನೆಟ್‌ಫ್ಲಿಕ್ಸಿಗೆ 2019ರಾಗ ಮಾಡಿದ ಮೈಟಿ ಲಿಟಲ್ ಭೀಮ್, ಅದ್ರಾಗ ಮಾತು ಇಲ್ಲ ಅಂತನ ಹೇಳಬಹುದು. ಬಾಜೂಕ ಕುಂತು ಕಥಿ ನೀವ ಹೇಳಬಹುದು. ನಮ್ಮ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ, 2025ರಾಗ ಪದ್ಮಶ್ರೀ ಬಂತಲ್ಲ, ಅವರ ತೊಗಲುಗೊಂಬಿ ಆಟದಾಗ ಪರದೆ ಹಿಂದ ಕುಂತವರ ಮಾತು, ಹಾಡು ತಗದ್ರ ಏನು ಉಳೀತೈತಿ? ಟೀವಿ ಮುಂದ ಆ ಕೆಲಸ ನಿಮ್ಮವ್ವಗ ಹಚ್ರಿ. ತುತ್ತು ಇಡಾಕ ಟೀವಿ ಬೇಕು ಅಂತಾರಲ್ಲ, ಅದು ಮಾತ್ರ ಬಿಡಿಸ್ರಿ, ಟೀವಿ ನೋಡ್ಕೊಂತ ಉಂಡ್ರ ಹೊಟ್ಟಿ ತುಂಬಿದ್ದು ಹುಡುಗಗ ಗೊತ್ತಾಗಂಗಿಲ್ಲ.

ಹೊತ್ತಿನ ಲೆಕ್ಕ ಬೇಕಂದ್ರ, ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳಿದ್ದು ಎರಡರಿಂದ ನಾಕು ವರ್ಷದವರಿಗೆ ದಿನಕ್ಕ ಒಂದು ತಾಸಿಗಿಂತ ಹೆಚ್ಚು ಬ್ಯಾಡ, ಕಮ್ಮಿ ಆದ್ರ ಇನ್ನೂ ಛಲೋ. ಮೊಬೈಲೂ ಆ ತಾಸಿನ್ಯಾಗ ಸೇರಿತು ಮತ್ತ.

ಪ್ರಶ್ನೆ: ನನ್ನ ಮಗಳು ಮೂರು ವರ್ಷದಾಕಿ, ಒಂದ ಎಪಿಸೋಡ್ ದಿನಾ ಹಚ್ಚು ಅಂತಾಳ್ರಿ. ಬ್ಯಾರೆದು ಹಚ್ಚಿದ್ರ ಹೊಳ್ಳಾಡಿ ಅಳ್ತಾಳ. ಏನರ ತೊಂದ್ರಿ ಐತೇನ್ರಿ?
– ಒಬ್ಬ ತಾಯಿ, ಕುಷ್ಟಗಿ

ಉತ್ತರ: ಇಲ್ಲವ್ವ. ಅಮೆರಿಕಾದಾಗ 1996ರಾಗ ಶುರುವಾದ ಬ್ಲೂಸ್ ಕ್ಲೂಸ್ ಅನ್ನೋ ಪ್ರೋಗ್ರಾಮಿನವ್ರು ಬೇಕಂತಲೇ ಒಂದ ಎಪಿಸೋಡ್ ಸೋಮವಾರದಿಂದ ಶುಕ್ರವಾರದ ತನಕ ದಿನಾ ಹಾಕ್ತಿದ್ರು, ಪ್ರಶ್ನೆ ಕೇಳಿ ಮಕ್ಕಳು ಉತ್ರ ಹೇಳ್ಲಿ ಅಂತ ಸುಮ್ಮನಿರ್ತಿದ್ರು. ಮೊದಲನೇ ದಿನ ಗೊತ್ತಾಗದ್ದು ಆಮ್ಯಾಲೆ ಗೊತ್ತಾಗಿ ಮಕ್ಕಳು ಮೊದ್ಲ ಕೂಗಿ ಹೇಳ್ತಾವ, ಅದ ಅವಕ್ಕ ಖುಷಿ. ಮುಂದೇನಾಗ್ತೈತಿ ಅಂತ ಆಕೀಗ ಕೇಳ್ರಿ, ಎಲ್ಲಾ ಹೇಳ್ತಾಳ. ತಲಿ ಕೆಡೋದು ನಿಮ್ಮದು ಮಾತ್ರ, ಅದಕ್ಕ ವಾಲ್ಯೂಮ್ ಕಮ್ಮಿ ಇಡ್ರಿ.