ಬೇಸಾಯದಲ್ಲಿ ‘ಹದ’ ಎಂದರೆ ಏನು?

‘ಹೊಲ ಹದಕ್ಕೆ ಬಂದಿದೆ’ ಎಂದರೆ ಮಳೆ ಬಿದ್ದ ಮೇಲೆ ಮಣ್ಣಿನ ತೇವ ಉಳುಮೆಗೋ ಬಿತ್ತನೆಗೋ ತಕ್ಕಷ್ಟು ಉಳಿದಿದೆ ಎಂದರ್ಥ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಆ ಉಂಡೆಯನ್ನು ಸೊಂಟದೆತ್ತರದಿಂದ ಬಿಟ್ಟರೆ ಪುಡಿಯಾಗಬೇಕು; ಅಂಗೈಗೆ ಮೆತ್ತಿಕೊಂಡರೆ ಇನ್ನೂ ಹಸಿಯಿದೆ, ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ. ಕೆಂಪು ಮಣ್ಣು ಬೇಗ ಹದಕ್ಕೆ ಬಂದು ಬೇಗ ಆರುತ್ತದೆ. ನೀರನ್ನು ಹಿಡಿದಿಟ್ಟುಕೊಳ್ಳುವ ಎರೆಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಮಾತ್ರ ಕಾಯಲೇಬೇಕು, ಏಕೆಂದರೆ ಹಸಿಯಲ್ಲೇ ಉತ್ತ ಎರೆಮಣ್ಣು ಒಣಗಿದ ಮೇಲೆ ಸುಲಭವಾಗಿ ಒಡೆಯದ ಹೆಂಟೆಯಾಗುತ್ತದೆ. ಬಾಡಿಗೆ ಟ್ರ್ಯಾಕ್ಟರ್ ಸಿಕ್ಕ ದಿನವೇ ಉಳುವ ಅವಸರದಲ್ಲಿ ಈ ಪರೀಕ್ಷೆಯನ್ನು ಕೈಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಸಕ್ಕರೆ ಪಾಕದ ಹದ, ಹೋಳಿಗೆ ಕಣಕದ ಹದ, ಚರ್ಮ ಹದ ಮಾಡುವುದು ಎಂಬಲ್ಲಿ ಬರುವುದೂ, ‘ರಸ್ತೆ ಹದಗೆಟ್ಟಿದೆ’, ‘ಆರೋಗ್ಯ ಹದಗೆಟ್ಟಿತು’ ಎಂಬ ಮಾತುಗಳಲ್ಲಿರುವುದೂ ಇದೇ ಪದ.