ಸಂಪಾದಕರ ಉತ್ತರ: ಊರಂಚಿನ ಹೊಲ ಮತ್ತು ದೈತ್ಯ ಮಳಿಗೆ

ಮಾನ್ಯರೇ,

ಅಮೆರಿಕದ ಓಹಾಯೊ ರಾಜ್ಯದ ಸಣ್ಣ ಊರೊಂದರಿಂದ ನೀವು ಬರೆದ ಪತ್ರ ತಲುಪಿದೆ. ನಿಮ್ಮ ಕೋರಿಕೆಯಂತೆ ಹೆಸರನ್ನೂ ಊರನ್ನೂ ಬಿಟ್ಟು, ಇತರ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಎಂಟು ಸಾವಿರದಷ್ಟು ಜನರಿರುವ ನಿಮ್ಮ ಊರಿನ ಅಂಚಿನಲ್ಲಿ, ಆದರೆ ನಗರದ ಎಲ್ಲೆಯೊಳಗೇ, ಮೆಕ್ಕೆಜೋಳ ಮತ್ತು ಸೋಯಾಬೀನ್ ಬೆಳೆಯುವ ಸುಮಾರು ಮೂವತ್ತು ಎಕರೆ ಹೊಲವಿದೆ. ಅದನ್ನು ಕೃಷಿ ವಲಯದಿಂದ ವಾಣಿಜ್ಯ ವಲಯಕ್ಕೆ ಬದಲಿಸಬೇಕೆಂದು ಡೆವಲಪರ್ ಒಬ್ಬರು ಅರ್ಜಿ ಹಾಕಿದ್ದಾರೆ. ಅಲ್ಲಿನವರು ‘ಬಿಗ್ ಬಾಕ್ಸ್’ ಎಂದು ಕರೆಯುವ ದೈತ್ಯ ಮಳಿಗೆಯೊಂದು ಅಲ್ಲಿ ಬರಲಿದೆ. ನೆರೆಹೊರೆಯವರು ಗ್ರಂಥಾಲಯದಲ್ಲಿ ಸಭೆ ಸೇರಿದ್ದಾರೆ, ಮನೆಗಳ ಮುಂದೆ ಕಂಪನಿಯ ಹೆಸರಿಗೆ ಅಡ್ಡಗೆರೆ ಎಳೆದ ಫಲಕಗಳನ್ನು ನೆಟ್ಟಿದ್ದಾರೆ. ಇದನ್ನು ತಡೆಯುವುದು ಸಾಧ್ಯವೇ, ಕೆಲಸ ಮತ್ತು ತೆರಿಗೆಯ ಬಗ್ಗೆ ಅಧಿಕಾರಿಗಳು ಹೇಳುವುದನ್ನು ಎಷ್ಟು ನಂಬಬೇಕು, ಇನ್ನೂ ಗ್ರೀನ್ ಕಾರ್ಡಿನಲ್ಲೇ ಇರುವ ನೀವು ಇದರಲ್ಲಿ ಸೇರುವುದು ಸರಿಯೇ ಎಂಬುದು ನಿಮ್ಮ ಮೂರು ಪ್ರಶ್ನೆಗಳು.

ಮೊದಲಿಗೆ ಆ ಫಲಕಗಳ ಬಗ್ಗೆ. ಅವುಗಳ ಮೇಲಿರುವ ಕಂಪನಿಯ ಹೆಸರನ್ನು ತೆಗೆದು ಆ ಜಾಗದಲ್ಲಿ ಹೊಲದ ಹೆಸರನ್ನೋ ರಸ್ತೆಯ ಹೆಸರನ್ನೋ ಬರೆಯಿರಿ ಎಂದು ನಾನು ಹೇಳಿದರೆ ನಿಮ್ಮ ಜೊತೆಗಾರರಿಗೆ ಬೇಸರವಾಗಬಹುದು. ಆದರೆ ವಲಯ ನಿಯಮ ಹುಟ್ಟಿದ್ದೇ ಜಮೀನಿನ ಬಳಕೆಯನ್ನು ಕುರಿತು. ನ್ಯೂಯಾರ್ಕ್ ನಗರ 1916ರಲ್ಲಿ ಇಡೀ ನಗರಕ್ಕೆ ಅನ್ವಯಿಸುವ ವಲಯ ನಿಯಮವನ್ನು ತಂದಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ನಿಯಮಗಳು ಸಂವಿಧಾನಬದ್ಧವೆಂದು ಒಪ್ಪಿತು. ಆ ಮೊಕದ್ದಮೆ ನಿಮ್ಮದೇ ರಾಜ್ಯದಲ್ಲಿ, ಕ್ಲೀವ್‌ಲೆಂಡ್ ಪಕ್ಕದ ಯೂಕ್ಲಿಡ್ ಎಂಬ ಊರಿನಿಂದ ಬಂದದ್ದು. ಅಂದಿನಿಂದ ಇಂದಿನವರೆಗೆ ನಗರ ಮಂಡಳಿ ಕೇಳಬಹುದಾದ ಪ್ರಶ್ನೆ ಈ ಜಾಗದಲ್ಲಿ ಏನು ನಡೆಯಬಹುದು, ಎಷ್ಟು ದೊಡ್ಡದಾಗಿ ನಡೆಯಬಹುದು ಎಂಬುದೇ ಹೊರತು ಅದನ್ನು ನಡೆಸುವವರು ಯಾರು ಎಂಬುದಲ್ಲ. ಕಂಪನಿ ಕೊಡುವ ಸಂಬಳ ಕಡಿಮೆ, ಅದರ ಸರಕು ಎಲ್ಲಿಂದಲೋ ಬರುತ್ತದೆ ಎಂಬ ಮಾತುಗಳು ನಿಜವೇ ಇರಬಹುದು, ಆದರೆ ಅವನ್ನು ಆಧಾರವಾಗಿಟ್ಟುಕೊಂಡು ಅರ್ಜಿ ತಿರಸ್ಕರಿಸಿದ ಮಂಡಳಿ ನ್ಯಾಯಾಲಯದಲ್ಲಿ ಸಂಕಷ್ಟಕ್ಕೆ ಸಿಲುಕುತ್ತದೆ. ಜಮೀನಿನ ಭಾಷೆಯಲ್ಲಿ ಮಾತಾಡಿದ ಊರುಗಳು ಗೆದ್ದಿವೆ. ಕ್ಯಾಲಿಫೋರ್ನಿಯಾದ ಟರ್ಲಾಕ್ ನಗರ ಒಂದು ಗಾತ್ರಕ್ಕೆ ಮೀರಿದ, ದಿನಸಿಯನ್ನೂ ಮಾರುವ ರಿಯಾಯಿತಿ ಮಳಿಗೆಗಳನ್ನು ನಿಷೇಧಿಸಿದಾಗ ವಾಲ್‌ಮಾರ್ಟ್ ಮೊಕದ್ದಮೆ ಹೂಡಿತು. ಊರಿನ ವ್ಯಾಪಾರ ಎಲ್ಲೆಲ್ಲಿ ಹರಡಿಕೊಳ್ಳಬೇಕೆಂದು ನಿರ್ಧರಿಸುವುದು ನಗರದ ಅಧಿಕಾರದೊಳಗಿನ ವಿಷಯವೆಂದು 2006ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ನಗರದ ನಿಯಮವನ್ನು ಎತ್ತಿಹಿಡಿಯಿತು.

ಇನ್ನು ತಡೆಯುವುದು ಸಾಧ್ಯವೇ ಎಂಬ ಪ್ರಶ್ನೆ. ಸಾಧ್ಯ, ಆದರೆ ಅದಕ್ಕೊಂದು ಹೊತ್ತಿದೆ. ಮ್ಯಾಸಚೂಸೆಟ್ಸ್‌ನ ಗ್ರೀನ್‌ಫೀಲ್ಡ್‌ನಲ್ಲಿ 1993ರಲ್ಲಿ ಮಂಡಳಿ ವಾಲ್‌ಮಾರ್ಟ್‌ಗಾಗಿ ವಲಯ ಬದಲಾವಣೆಗೆ ಒಪ್ಪಿಗೆ ಕೊಟ್ಟ ಮೇಲೆ ನಿವಾಸಿಗಳು ಸಹಿ ಸಂಗ್ರಹಿಸಿ ಪ್ರಶ್ನೆಯನ್ನು ಮತಕ್ಕೆ ತಂದರು, ಒಂಬತ್ತೇ ಮತಗಳ ಅಂತರದಲ್ಲಿ ಗೆದ್ದರು. ಆ ಹೋರಾಟವನ್ನು ನಡೆಸಿದ ಆಲ್ ನಾರ್ಮನ್ ಅವರನ್ನು ಮುಂದೆ ಬೇರೆ ಬೇರೆ ಊರಿನವರು ಸಲಹೆಗಾಗಿ ಕರೆಸಿಕೊಳ್ಳತೊಡಗಿದರು. ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ ಕಥೆ ತಿರುವುಮುರುವಾಯಿತು. ಮಂಡಳಿ ಒಪ್ಪದಿದ್ದಾಗ ಕಂಪನಿಯೇ ಸಹಿ ಸಂಗ್ರಹಿಸಿ, ನಗರದ ಪರಿಶೀಲನೆಯನ್ನು ಬದಿಗಿಟ್ಟು ಮಳಿಗೆ ಕಟ್ಟಲು ಅನುವಾಗುವ ಪ್ರಸ್ತಾವವನ್ನು 2004ರ ಏಪ್ರಿಲ್‌ನಲ್ಲಿ ಮತಕ್ಕೆ ತಂದಿತು. ಮತದಾರರಲ್ಲಿ ಸುಮಾರು ಶೇ. 60ರಷ್ಟು ಮಂದಿ ಅದನ್ನು ತಳ್ಳಿಹಾಕಿದರು. ಎರಡೂ ಕಡೆ ಜನ ಗೆದ್ದದ್ದು ಇಟ್ಟಿಗೆ ಬೀಳುವುದಕ್ಕೆ ಬಹಳ ಮುಂಚೆ, ಜಾಗದ ಹಣೆಬರಹ ಕಾಗದದ ಮೇಲಿದ್ದಾಗ.

ನಿಮ್ಮ ರಾಜ್ಯದಲ್ಲಿ ಆ ಕಾಗದದ ದಾರಿ ಹೇಗಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೋರಾಟಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ನಿಮ್ಮ ಊರಿಗೆ ಸ್ವಂತ ಚಾರ್ಟರ್, ಅಂದರೆ ಊರಿನ ಆಡಳಿತದ ಮೂಲ ನಿಯಮಾವಳಿ, ಇದ್ದರೆ ಅದರ ನಿಯಮಗಳು ಬೇರೆಯಾಗಿರಬಹುದು, ಆದ್ದರಿಂದ ಮೊದಲು ಅದನ್ನು ಓದಿ. ಇಲ್ಲದಿದ್ದರೆ ರಾಜ್ಯದ ಸಾಮಾನ್ಯ ಕಾನೂನು ಹೀಗಿದೆ. ಅರ್ಜಿ ಮೊದಲು, ಜಮೀನಿನ ಬಳಕೆಯ ಬಗ್ಗೆ ಮಂಡಳಿಗೆ ಶಿಫಾರಸು ಮಾಡುವ ಪ್ಲಾನಿಂಗ್ ಕಮಿಷನ್ನಿಗೆ ಹೋಗುತ್ತದೆ. ಅದರ ಶಿಫಾರಸನ್ನು ಮೀರಿ ನಿರ್ಧಾರ ಮಾಡಬೇಕಾದರೆ ನಗರ ಮಂಡಳಿಗೆ ಒಟ್ಟು ಸದಸ್ಯರ ಮುಕ್ಕಾಲು ಪಾಲಿನ ಮತ ಬೇಕು. ಏಳು ಮಂದಿಯ ಮಂಡಳಿಯಲ್ಲಿ ನಾಲ್ವರ ಬದಲು ಆರು ಮಂದಿ ಕೈಯೆತ್ತಬೇಕು ಎಂದರೆ ಲೆಕ್ಕವೇ ಬದಲಾಗುತ್ತದೆ. ಆದರೂ ಜನ ಕಮಿಷನ್ನಿನ ಸಭೆಯನ್ನು ಬಿಟ್ಟು ಮಂಡಳಿಯ ಕೊನೆಯ ಸಭೆಗೆ ಕಿಕ್ಕಿರಿದು ಸೇರುತ್ತಾರೆ. ಮಂಡಳಿ ಸಾರ್ವಜನಿಕ ವಿಚಾರಣೆ ನಡೆಸುವ ಕನಿಷ್ಠ ಮೂವತ್ತು ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆ ಅವಧಿಯಲ್ಲಿ ನಕ್ಷೆಗಳೂ ಕಮಿಷನ್ನಿನ ವರದಿಯೂ ಕ್ಲರ್ಕ್ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತಿರಬೇಕು. ಹೋಗಿ ನೋಡಿ, ಪ್ರತಿ ಮಾಡಿಸಿಕೊಳ್ಳಿ.

ಮಂಡಳಿ ಒಪ್ಪಿಗೆ ಕೊಟ್ಟರೂ ದಾರಿ ಮುಗಿಯುವುದಿಲ್ಲ. ವಲಯ ಬದಲಾವಣೆಯನ್ನು ಜನರ ಮತಕ್ಕೆ ಒಡ್ಡುವುದು ಸರಿಯೆಂದು 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೂಡ ಓಹಾಯೊದ ಈಸ್ಟ್‌ಲೇಕ್ ಎಂಬ ಊರಿನ ಮೊಕದ್ದಮೆಯಲ್ಲಿ. ಹಾಗೆ ಮತಕ್ಕೆ ತರಲು, ವಲಯ ಬದಲಿಸುವ ಮಂಡಳಿಯ ಕಾನೂನು ಮೇಯರ್ ಅವರ ಬಳಿ ದಾಖಲಾದ ಮೂವತ್ತು ದಿನಗಳೊಳಗೆ, ಕಳೆದ ಗವರ್ನರ್ ಚುನಾವಣೆಯಲ್ಲಿ ನಿಮ್ಮ ಊರಿನಲ್ಲಿ ಮತ ಹಾಕಿದವರ ಸಂಖ್ಯೆಯ ಶೇ. 10ರಷ್ಟು ಮತದಾರರ ಸಹಿ ಬೇಕು. ಇಲ್ಲಿ ಒಂದು ಗುಂಡಿಯಿದೆ, ಎಷ್ಟೋ ಜನ ಅದರಲ್ಲಿ ಬಿದ್ದಿದ್ದಾರೆ: ಮೊದಲ ಸಹಿ ಪಡೆಯುವ ಮುನ್ನವೇ ಆ ಕಾನೂನಿನ ದೃಢೀಕೃತ ಪ್ರತಿಯನ್ನು ನಗರದ ಆಡಿಟರ್ ಕಚೇರಿಗೆ ಸಲ್ಲಿಸಿರಬೇಕು. ಕಾನೂನು ಮಾಡಿದವರಿಗೇ ಅದರ ಪ್ರತಿಯನ್ನು ತಿರುಗಿ ಕೊಡುವುದು ಹಾಸ್ಯಾಸ್ಪದವೆಂದು ತೋರಬಹುದು. ಆದರೆ ಈ ವಿಧಿಯನ್ನು ನ್ಯಾಯಾಲಯಗಳು ಅಕ್ಷರಶಃ ಜಾರಿ ಮಾಡುತ್ತವೆ, ಪ್ರತಿ ಸಲ್ಲಿಸದೆ ಪಡೆದ ಸಹಿಗಳೆಲ್ಲ ವ್ಯರ್ಥ. ಇನ್ನೊಂದು ಗುಂಡಿಯನ್ನು ಮಂಡಳಿಯೇ ತೋಡಬಲ್ಲದು. ಸಾರ್ವಜನಿಕ ಶಾಂತಿ, ಆರೋಗ್ಯ ಅಥವಾ ಸುರಕ್ಷತೆಗಾಗಿ ತುರ್ತೆಂದು ಘೋಷಿಸಿ, ಕಾರಣವನ್ನು ಬರೆದು, ಮೂರನೇ ಎರಡರಷ್ಟು ಸದಸ್ಯರ ಮತದಿಂದ ಅಂಗೀಕರಿಸಿದ ಕಾನೂನು ಜನಮತಕ್ಕೆ ಬರುವುದಿಲ್ಲ. ಮೆಕ್ಕೆಜೋಳದ ಹೊಲದಲ್ಲಿ ಅಂಗಡಿ ಕಟ್ಟಿಸುವುದರಲ್ಲಿ ಅಂಥ ತುರ್ತೇನು ಎಂದು ಪ್ರತಿಯೊಬ್ಬ ಸದಸ್ಯರನ್ನೂ ಮೊದಲೇ, ಸಭೆಯ ನಡಾವಳಿಯಲ್ಲಿ ದಾಖಲಾಗುವಂತೆ, ಕೇಳಿಡಿ.

ವಲಯ ಬದಲಾದ ಮೇಲೆ ಬರುವ ಕಟ್ಟಡದ ನಕ್ಷೆಯ ಒಪ್ಪಿಗೆಯನ್ನು ಜನಮತಕ್ಕೆ ತರಲಾಗದು. ಕಯಹೋಗಾ ಫಾಲ್ಸ್ ಎಂಬ ಊರಿನ ಪ್ರಕರಣದಲ್ಲಿ, ಅಂಥ ಒಪ್ಪಿಗೆ ಕೇವಲ ಆಡಳಿತಾತ್ಮಕ ಕ್ರಮವೆಂದು 1998ರಲ್ಲಿ ಓಹಾಯೊ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಊರಿನವರು ಸಹಿ ಹಾಕಿ ತಡೆಯಹೊರಟದ್ದು ಕಡಿಮೆ ಆದಾಯದವರಿಗಾಗಿ ಕಟ್ಟಲಿದ್ದ ಮನೆಗಳನ್ನು ಎಂಬುದನ್ನೂ ನಿಮಗೆ ಹೇಳದಿರುವುದು ಸರಿಯಲ್ಲ. ನಿಮ್ಮ ಕೈಯಲ್ಲಿರುವ ಆಯುಧ ಹೀಗೂ ಬಳಕೆಯಾಗಿದೆ. ನಿಮ್ಮ ಸಭೆಯಲ್ಲಿ ಯಾರಾದರೂ ‘ಎಂಥೆಂಥವರೋ ನಮ್ಮೂರಿಗೆ ಬರುತ್ತಾರೆ’ ಎಂದು ಶುರುಮಾಡಿದರೆ ಅಲ್ಲಿಯೇ ತಡೆಯಿರಿ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಕೆಲಸಗಳ ವಿಷಯದಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಅರ್ಥಶಾಸ್ತ್ರಜ್ಞೆ ಎಮೆಕ್ ಬಾಸ್ಕರ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ವಾಲ್‌ಮಾರ್ಟ್ ಬಂದ ವರ್ಷ ಆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಚಿಲ್ಲರೆ ವ್ಯಾಪಾರದಲ್ಲಿ ಸುಮಾರು 100 ಕೆಲಸಗಳು ಹೆಚ್ಚಿದವು, ಬೇರೆ ಅಂಗಡಿಗಳು ಮುಚ್ಚುತ್ತ ಐದು ವರ್ಷಗಳಲ್ಲಿ ಅದರ ಅರ್ಧದಷ್ಟು ಕರಗಿತು. ಡೇವಿಡ್ ನ್ಯೂಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕೌಂಟಿಯ ಚಿಲ್ಲರೆ ಕೆಲಸಗಳು ಸುಮಾರು 150ರಷ್ಟು ಕಡಿಮೆಯಾದವು. ಹಾಗಾಗಿ ನೂರಾರು ಹೊಸ ಕೆಲಸ ಎಂದು ಅರ್ಜಿದಾರರು ಹೇಳಿದಾಗ ಅದು ನಿವ್ವಳ ಸಂಖ್ಯೆಯೇ ಎಂದು ಕೇಳಿ. ಬೆಲೆ ಇಳಿಯುತ್ತದೆ ಎಂಬ ಮಾತನ್ನು ಮಾತ್ರ ಅಲ್ಲಗಳೆಯಬೇಡಿ, ಅದು ನಿಜ, ಕೈ ಬಿಗಿಯಾಗಿರುವ ಮನೆಗಳಿಗೆ ಅದು ದೊಡ್ಡ ವಿಷಯ.

ತೆರಿಗೆಯದು ಇನ್ನೂ ಸ್ವಾರಸ್ಯಕರ. ಮಾರಾಟ ತೆರಿಗೆಯಿಂದ ನಗರದ ಬೊಕ್ಕಸ ತುಂಬುತ್ತದೆ ಎಂದು ಯಾರೋ ಹೇಳಿದರೆಂದು ಬರೆದಿದ್ದೀರಿ. ಓಹಾಯೊದಲ್ಲಿ ಮಾರಾಟ ತೆರಿಗೆ ಹೋಗುವುದು ರಾಜ್ಯಕ್ಕೆ, ಕೌಂಟಿಗೆ ಮತ್ತು ಕೆಲವೆಡೆ ಸಾರಿಗೆ ಪ್ರಾಧಿಕಾರಕ್ಕೆ, ನಗರಗಳು ಅದನ್ನು ವಿಧಿಸುವುದಿಲ್ಲ. ನಗರದ ಮುಖ್ಯ ಆಸರೆ ಅಲ್ಲಿ ಕೆಲಸ ಮಾಡುವವರ ಸಂಬಳದ ಮೇಲಿನ ಆದಾಯ ತೆರಿಗೆ. ಮಳಿಗೆಯ ವಾರ್ಷಿಕ ಸಂಬಳದ ಮೊತ್ತ 60 ಲಕ್ಷ ಡಾಲರ್ ಎಂದೇ ಇಟ್ಟುಕೊಳ್ಳಿ, ತೆರಿಗೆ ಶೇ. 1ರಷ್ಟಿದ್ದರೆ ನಗರಕ್ಕೆ ಬರುವುದು 60,000 ಡಾಲರ್. ಮುಚ್ಚಿಹೋಗುವ ಅಂಗಡಿಗಳ ಸಂಬಳವನ್ನು ಅದರಿಂದ ಕಳೆದು, ಉಳಿದದ್ದರಲ್ಲಿ ಹೊಸ ಸಿಗ್ನಲ್ ದೀಪಗಳ, ಹೆಚ್ಚುವರಿ ಪೊಲೀಸ್ ಸಿಬ್ಬಂದಿಯ ಖರ್ಚು ಸರಿಹೋಗುತ್ತದೆಯೇ ಎಂದು ಹಣಕಾಸು ಅಧಿಕಾರಿಯನ್ನು ಬರಹದಲ್ಲಿ ಕೇಳಿ. ಆಸ್ತಿ ತೆರಿಗೆಯ ದೊಡ್ಡ ಪಾಲು ಸೇರುವುದು ಅಲ್ಲಿನ ಸಾರ್ವಜನಿಕ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಗೆ. ಆದರೆ ತೆರಿಗೆ ಏರಿಕೆಯನ್ನು ರಸ್ತೆ, ಚರಂಡಿಗಳಿಗೆ ತಿರುಗಿಸುವ ಟಿಐಎಫ್ ಎಂಬ ವ್ಯವಸ್ಥೆಯಡಿ, ಏರಿದ ಮೌಲ್ಯದ ಶೇ. 75ರವರೆಗೆ ಹತ್ತು ವರ್ಷಗಳ ಕಾಲ ವಿನಾಯಿತಿ ಕೊಡಲು ಶಾಲಾ ಮಂಡಳಿಯ ಒಪ್ಪಿಗೆಯೂ ಬೇಕಿಲ್ಲ. ಅಂಥ ಒಪ್ಪಂದ ಮಾತುಕತೆಯಲ್ಲಿದೆಯೇ ಎಂದು ತಿಳಿದುಕೊಳ್ಳಿ.

ಕಟ್ಟಿದ ಮೇಲಿನ ಮೌಲ್ಯವೂ ಸ್ಥಿರವಲ್ಲ. ಮಿಷಿಗನ್‌ನ ಎಸ್ಕನಾಬಾದಲ್ಲಿ ಮನೆ ಕಟ್ಟುವ ಸಾಮಗ್ರಿ ಮಾರುವ ಮೆನಾರ್ಡ್ಸ್ ಕಂಪನಿ, ನಡೆಯುತ್ತಿರುವ ತನ್ನ ಮಳಿಗೆಯನ್ನು ಮುಚ್ಚಿ ಪಾಳುಬಿದ್ದ ದೈತ್ಯ ಮಳಿಗೆಗಳ ಮಾರಾಟ ಬೆಲೆಗೆ ಹೋಲಿಸಿ ತೆರಿಗೆ ಕಡಿಮೆ ಮಾಡಬೇಕೆಂದು ಕೇಳಿತು, ತೆರಿಗೆ ನ್ಯಾಯಮಂಡಳಿ ಒಪ್ಪಿಯೂ ಒಪ್ಪಿತು. ಆ ಖಾಲಿ ಕಟ್ಟಡಗಳು ಅಗ್ಗವಾಗಿ ಹೋಗುವುದಕ್ಕೆ ಒಂದು ಕಾರಣ, ಇಲ್ಲಿ ಮತ್ತೆ ಇಂಥದೇ ಅಂಗಡಿ ನಡೆಸಕೂಡದು ಎಂದು ಮಾರುವವರೇ ಕ್ರಯಪತ್ರದಲ್ಲಿ ಹಾಕುವ ನಿರ್ಬಂಧ. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ನಿಮ್ಮ ಮಂಡಳಿ ಒಪ್ಪಿಗೆ ಕೊಡುವುದೇ ಆದರೆ ಅಂಥ ನಿರ್ಬಂಧ ಹಾಕುವುದಿಲ್ಲವೆಂದು ಮೊದಲೇ ಬರೆಸಿಕೊಳ್ಳಲಿ.

ವಿಚಾರಣೆಯಲ್ಲಿ ಪ್ರತಿಯೊಬ್ಬರಿಗೂ ಸಾಮಾನ್ಯವಾಗಿ ಸಿಗುವುದು ಮೂರು ನಿಮಿಷ. ಇಪ್ಪತ್ತು ಜನ ಒಂದೇ ಮಾತು ಹೇಳುವ ಬದಲು ಒಬ್ಬೊಬ್ಬರು ಒಂದೊಂದು ದಾಖಲೆಯನ್ನು ಹಿಡಿದುಕೊಳ್ಳಿ. ಸಂಚಾರ ಅಧ್ಯಯನದಲ್ಲಿ ವಾಹನಗಳನ್ನು ಯಾವ ದಿನ ಎಣಿಸಿದರೆಂದು ನೋಡಿ. ಎಣಿಕೆ ಸಾಮಾನ್ಯವಾಗಿ ಮಂಗಳವಾರದಿಂದ ಗುರುವಾರದೊಳಗೆ ನಡೆಯುತ್ತದೆ, ಇಂಥ ಮಳಿಗೆಗೆ ಜನ ಮುಗಿಬೀಳುವುದು ಶನಿವಾರ. ನೀರಿನ ಲೆಕ್ಕವನ್ನೂ ಹಾಗೆಯೇ ಕೇಳಿ. 1,80,000 ಚದರ ಅಡಿಯ ಮಳಿಗೆಯ ಚಾವಣಿಯೇ ನಾಲ್ಕು ಎಕರೆಗೂ ಹೆಚ್ಚು. ವಾಹನ ನಿಲ್ದಾಣ ಸೇರಿ ಇಪ್ಪತ್ತು ಎಕರೆ ಮುಚ್ಚಿಹೋದರೆ ಒಂದು ಇಂಚು ಮಳೆಗೆ ಇಪ್ಪತ್ತು ಲಕ್ಷ ಲೀಟರಿನಷ್ಟು ನೀರು ಬೀಳುತ್ತದೆ. ತಡೆಕೊಳ ಕಟ್ಟಿದರೆ ಅದು ಹರಿಯುವ ವೇಗವನ್ನು ತಗ್ಗಿಸಬಹುದು, ಆದರೆ ಹೊಲ ಇಂಗಿಸಿಕೊಳ್ಳುತ್ತಿದ್ದ ನೀರು ಕೊನೆಗೆ ಕೆಳಗಿನ ಹಳ್ಳಕ್ಕೇ ಹೋಗಬೇಕು. ಆ ಹಳ್ಳದ ಬದಿಯಲ್ಲಿ ಮನೆಯಿರುವವರು ಕಳೆದ ನೆರೆಯ ಚಿತ್ರಗಳೊಂದಿಗೆ ಬಂದು ಮಾತಾಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಗರದ ಸ್ವಂತ ಸಮಗ್ರ ಯೋಜನೆ ಆ ಹೊಲಕ್ಕೆ ಯಾವ ಬಳಕೆಯನ್ನು ಸೂಚಿಸಿದೆ ಎಂಬ ಪುಟವನ್ನು ಕಮಿಷನ್ನಿನ ಮುಂದಿಡಿ.

ಹೊಲದ ಒಡೆಯರನ್ನು ಖಳನಾಯಕರನ್ನಾಗಿ ಮಾಡಬೇಡಿ. ವಯಸ್ಸಾದ ರೈತನಿಗೆ ಆ ಭೂಮಿಯೇ ಪಿಂಚಣಿ. ಪೂರಾ ಬೇಡವೆನ್ನುವುದಕ್ಕಿಂತ ಗಾತ್ರಕ್ಕೆ ಮಿತಿ ಹಾಕಿ ಎಂದು ಕೇಳುವುದು ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಮೇಯ್ನ್ ರಾಜ್ಯದ ಡಮರಿಸ್ಕಾಟ ಎಂಬ ಸಣ್ಣ ಊರು 2006ರಲ್ಲಿ ಮತದಾನದ ಮೂಲಕ ಅಂಗಡಿಗಳ ಗಾತ್ರವನ್ನು 35,000 ಚದರ ಅಡಿಗೆ ಸೀಮಿತಗೊಳಿಸಿತು. ಒಳ್ಳೆಯ ದಿನಸಿ ಅಂಗಡಿಯೊಂದಕ್ಕೆ ಅಷ್ಟು ಜಾಗ ಸಾಲುತ್ತದೆ.

ಕೊನೆಗೆ ನಿಮ್ಮ ಸ್ವಂತ ಪ್ರಶ್ನೆ. ತೆರಿಗೆ ಕಟ್ಟುವ, ಮನೆ ಕೊಂಡಿರುವ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸುವ ನೀವು ಹೊರಗಿನವರೆಂದು ನನಗೆ ಅನಿಸುವುದಿಲ್ಲ, ಕಾನೂನೂ ಹಾಗೆ ಹೇಳುವುದಿಲ್ಲ. ವಿಚಾರಣೆಯಲ್ಲಿ ಮಾತಾಡಲು, ಮಂಡಳಿ ಸದಸ್ಯರಿಗೆ ಪತ್ರ ಬರೆಯಲು ಪೌರತ್ವ ಬೇಕಿಲ್ಲ. ಓಹಾಯೊದ ಸಾರ್ವಜನಿಕ ದಾಖಲೆ ಕಾನೂನಿನಡಿ ಕಡತ ಕೇಳುವವರು ಸಾಮಾನ್ಯವಾಗಿ ತಮ್ಮ ಹೆಸರನ್ನೂ ಕಾರಣವನ್ನೂ ಹೇಳಬೇಕಾಗಿಲ್ಲ, ಹಾಗಾಗಿ ಆ ಕೆಲಸವನ್ನು ನೀವೇ ವಹಿಸಿಕೊಳ್ಳಬಹುದು. ಆದರೆ ಜನಮತದ ಅರ್ಜಿಗೆ ಮಾತ್ರ ಯಾರು ಎಷ್ಟು ಒತ್ತಾಯಿಸಿದರೂ ಸಹಿ ಹಾಕಬೇಡಿ. ಅದು ನೋಂದಾಯಿತ ಮತದಾರರಿಗೆ ಮೀಸಲು, ತಪ್ಪು ಸಹಿ ನಿಮ್ಮ ಪೌರತ್ವದ ಅರ್ಜಿಗೇ ಮುಳ್ಳಾಗಬಹುದು. ಹಣ ಕೊಡುವ ಮುನ್ನವೂ ವಕೀಲರನ್ನು ಕೇಳಿ. ಮತಕ್ಕೆ ಬರುವ ಪ್ರಸ್ತಾವಗಳ ಪ್ರಚಾರಕ್ಕೆ ವಿದೇಶಿ ಪ್ರಜೆಗಳು ಹಣ ಕೊಡುವುದನ್ನು ಓಹಾಯೊ 2024ರಲ್ಲಿ ನಿಷೇಧಿಸಿದೆ, ಆ ನಿಷೇಧ ಗ್ರೀನ್ ಕಾರ್ಡಿನವರಿಗೂ ಅನ್ವಯಿಸಬೇಕೇ ಎಂಬುದು ನ್ಯಾಯಾಲಯದ ಮೆಟ್ಟಿಲೇರಿದ ಪ್ರಶ್ನೆ. ಪ್ಲಾನಿಂಗ್ ಕಮಿಷನ್ನಿನ ಸಭೆ ಮುಂದಿನ ತಿಂಗಳೆಂದು ಬರೆದಿದ್ದೀರಿ. ಕ್ಲರ್ಕ್ ಕಚೇರಿಗೆ ಈ ವಾರವೇ ಹೋಗಿ ಅರ್ಜಿಯ ಕಡತ, ಸಂಚಾರ ಅಧ್ಯಯನ ಮತ್ತು ಚಾರ್ಟರಿನ ಪ್ರತಿ, ಇವು ಮೂರನ್ನೂ ಕೇಳಿ ಪಡೆಯಿರಿ.

ಇಂತು,
ಸಂಪಾದಕ